ಕೈ ಅಂಟಿದ್ದಕ್ಕೆ ಹತ್ತು ಪಂದ್ಯ: ಮ್ಯಾಕ್ಸ್ ಶೆರ್ಜರ್ ಪ್ರಕರಣ

2023ರ ಏಪ್ರಿಲ್ 19, ಬುಧವಾರ ಮಧ್ಯಾಹ್ನ. ಲಾಸ್ ಏಂಜಲಿಸ್‌ನ ಡಾಡ್ಜರ್ ಸ್ಟೇಡಿಯಂ. ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಮ್ಯಾಕ್ಸ್ ಶೆರ್ಜರ್ ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯದಲ್ಲಿ ಮೂರು ಇನ್ನಿಂಗ್ಸ್ ಮುಗಿಸಿದ್ದರು. ಡಾಡ್ಜರ್ಸ್ ತಂಡಕ್ಕೆ ಅಲ್ಲಿಯವರೆಗೆ ಸಿಕ್ಕಿದ್ದು ಒಂದೇ ಹಿಟ್, ರನ್ ಒಂದೂ ಇಲ್ಲ. ನಾಲ್ಕನೇ ಇನ್ನಿಂಗ್ಸ್‌ಗೆ ಅವರು ಮೈದಾನಕ್ಕೆ ಬರುತ್ತಿದ್ದಂತೆ ಅಂಪೈರ್‌ಗಳು ತಡೆದರು. ಕೈ ತೋರಿಸಿ ಅಂದರು. ಮುಟ್ಟಿ ನೋಡಿದರು, ಮತ್ತೆ ಮುಟ್ಟಿದರು. ಶೆರ್ಜರ್ ಸಿಟ್ಟಿನಿಂದ ವಾದಕ್ಕಿಳಿದರು. ಬೆವರು ಮತ್ತು ರೋಸಿನ್ (ಹಿಡಿತಕ್ಕೆ ಹಚ್ಚುವ ರಾಳದ ಪುಡಿ) ಬಿಟ್ಟರೆ ಕೈಯಲ್ಲಿ ಇನ್ನೇನೂ ಇಲ್ಲ ಅಂತ ಮತ್ತೆ ಮತ್ತೆ ಹೇಳಿದರು. ಅಂಪೈರ್ ಫಿಲ್ ಕುಜಿ ಒಪ್ಪಲಿಲ್ಲ. ಅವರನ್ನು ಪಂದ್ಯದಿಂದ ಹೊರಹಾಕಿದರು. ಮರುದಿನ ಹತ್ತು ಪಂದ್ಯಗಳ ಅಮಾನತು, ಜೊತೆಗೆ ದಂಡ.

ಪಂದ್ಯವನ್ನು ಮೆಟ್ಸ್ 5–3ರಿಂದ ಗೆದ್ದಿತು. ಆದರೆ ಆ ಗೆಲುವಿನ ಮಾತು ಯಾರೂ ಆಡಲಿಲ್ಲ. ಶೆರ್ಜರ್ ಸಾಮಾನ್ಯ ಆಟಗಾರ ಅಲ್ಲ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು 2013, 2016 ಮತ್ತು 2017ರಲ್ಲಿ ಗೆದ್ದವರು. ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡುವ ಸ್ಟ್ರೈಕ್‌ಔಟ್‌ಗಳನ್ನು ಮೂರು ಸಾವಿರಕ್ಕೂ ಹೆಚ್ಚು ಸಲ ಪಡೆದವರು. ಆಗ ಅವರಿಗೆ 38 ವರ್ಷ. ಅಂಥ ಆಟಗಾರ ಮೋಸ ಮಾಡಿದರೇ, ಅಥವಾ ನಿಯಮವೇ ಸರಿಯಿಲ್ಲವೇ? ಈ ಪ್ರಕರಣವನ್ನು ಬಿಡಿಸಿ ನೋಡಿದರೆ ಮೋಸದ ಪ್ರಶ್ನೆಗಿಂತ ಅಳತೆಯ ಪ್ರಶ್ನೆ ದೊಡ್ಡದಾಗಿ ಕಾಣುತ್ತದೆ.

ಚೆಂಡಿಗೆ ಅಂಟು ಯಾಕೆ ಬೇಕು

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದನ್ನು ಸ್ವಲ್ಪ ವಿವರಿಸಬೇಕು. ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಪುಟಿದು ಬರುವುದಿಲ್ಲ. ಪಿಚರ್ ಎಸೆಯುವ ಜಾಗದಿಂದ ಬ್ಯಾಟರ್ ಮುಂದಿರುವ ಹೋಮ್ ಪ್ಲೇಟ್‌ಗೆ 18.44 ಮೀಟರ್ ದೂರ. ವೇಗದ ಎಸೆತ ಅರ್ಧ ಸೆಕೆಂಡಿಗೂ ಮೊದಲೇ ಅಲ್ಲಿರುತ್ತದೆ. ಪಿಚ್ಚಿನ ಬಿರುಕು, ತೇವ, ಹುಲ್ಲು ಯಾವುದರ ಸಹಾಯವೂ ಇಲ್ಲ. ಇರುವುದು ಗಾಳಿ, ಚೆಂಡಿನ ಹೊಲಿಗೆ ಮತ್ತು ತಿರುಗುವಿಕೆ, ಅಷ್ಟೇ.

ಫೋರ್-ಸೀಮ್ ಫಾಸ್ಟ್‌ಬಾಲ್ ಅನ್ನುವ ನೇರ ವೇಗದ ಎಸೆತ ಹಿಂದಕ್ಕೆ ಉರುಳುವಂತೆ ತಿರುಗುತ್ತಾ ಹೋಗುತ್ತದೆ. ಆ ತಿರುಗುವಿಕೆಯಿಂದ ಗಾಳಿ ಅದನ್ನು ಸ್ವಲ್ಪ ಮೇಲಕ್ಕೆ ಒತ್ತುತ್ತದೆ. ಹಾಗಾಗಿ ಬ್ಯಾಟರ್ ಅಂದಾಜು ಮಾಡಿದಷ್ಟು ಚೆಂಡು ಕೆಳಗಿಳಿಯುವುದಿಲ್ಲ, ಬ್ಯಾಟು ಅದರ ಕೆಳಗೆ ಬೀಸಿ ಹೋಗುತ್ತದೆ. ಇಂಥ ಎಸೆತ ಸರಾಸರಿ ನಿಮಿಷಕ್ಕೆ ಸುಮಾರು 2300 ಸುತ್ತು ತಿರುಗುತ್ತದೆ. ಬೆರಳ ತುದಿಗೆ ಒಳ್ಳೆಯ ಅಂಟು ಇದ್ದರೆ ಚೆಂಡು ಕೈ ಬಿಡುವ ಕೊನೆಯ ಗಳಿಗೆಯಲ್ಲಿ ಜಾರುವುದಿಲ್ಲ, ಸುತ್ತು ಇನ್ನಷ್ಟು ಜಾಸ್ತಿ ಆಗುತ್ತದೆ. ನಿಮಿಷಕ್ಕೆ ಕೆಲವು ನೂರು ಸುತ್ತು ಹೆಚ್ಚಾದರೂ ಸಾಕು, ಒಳ್ಳೆಯ ಎಸೆತ ಆಡಲಾಗದ ಎಸೆತ ಆಗಿಬಿಡುತ್ತದೆ.

ಇನ್ನೊಂದು ಕಡೆಯೂ ಇದೆ. ಹೊಸ ಬೇಸ್‌ಬಾಲ್ ನುಣುಪು. ಸುಮ್ನೆ ಕೈಯಲ್ಲಿ ಹಿಡಿದರೂ ಜಾರುತ್ತದೆ. ಅದಕ್ಕೇ ಪಂದ್ಯಕ್ಕೆ ಮುಂಚೆ ಪ್ರತಿ ಚೆಂಡಿಗೂ ಡೆಲವೇರ್ ನದಿ ಕಡೆಯಿಂದ ತರಿಸಿದ ಕೆಸರು ಉಜ್ಜುವ ಪದ್ಧತಿ ಇದೆ. ಅದನ್ನು ಪಂದ್ಯಗಳನ್ನು ನಡೆಸುವ ಲೀಗೇ (ಮೇಜರ್ ಲೀಗ್ ಬೇಸ್‌ಬಾಲ್) ಮಾಡಿಸುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಕೈಜಾರಿ ಬ್ಯಾಟರ್ ತಲೆಗೆ ಬಡಿದರೆ ಏನಾಗುತ್ತದೆ ಅನ್ನುವುದು ಈ ಆಟಕ್ಕೆ ಗೊತ್ತು. 1920ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ಹಾಗೆ ತಲೆಗೆ ಪೆಟ್ಟು ಬಿದ್ದು ಮರುದಿನ ತೀರಿಕೊಂಡರು. ಅದೇ ವರ್ಷದ ಆಟ ಶುರುವಾಗುವ ಮುನ್ನ ಚೆಂಡಿಗೆ ಉಗುಳು ಹಚ್ಚಿ ಎಸೆಯುವುದನ್ನು ನಿಷೇಧಿಸಿದ್ದರು. ಅದನ್ನೇ ನಂಬಿ ಬದುಕುತ್ತಿದ್ದ 17 ಪಿಚರ್‌ಗಳಿಗೆ ಮಾತ್ರ ಮುಂದುವರಿಯಲು ಬಿಟ್ಟರು. ಅವರಲ್ಲಿ ಕೊನೆಯವರಾದ ಬರ್ಲೀ ಗ್ರೈಮ್ಸ್ 1934ರವರೆಗೂ ಕಾನೂನುಬದ್ಧವಾಗಿಯೇ ಉಗುಳು ಹಚ್ಚಿ ಎಸೆದರು.

ಹಿಡಿತಕ್ಕೆ ಅಂತ ನಿಯಮ ಒಪ್ಪುವ ವಸ್ತು ಒಂದೇ. ಅದು ರೋಸಿನ್, ಅಂದರೆ ಪೈನ್ ಮರದ ಒಣ ರಾಳ. ನಮ್ಮ ಪಿಟೀಲು ವಿದ್ವಾಂಸರು ಕಮಾನಿಗೆ ಉಜ್ಜುವುದೂ ಇದನ್ನೇ. ಇದರ ಪುಡಿ ತುಂಬಿದ ಚಿಕ್ಕ ಬಟ್ಟೆ ಚೀಲವನ್ನು ಪಿಚರ್ ನಿಲ್ಲುವ ದಿಬ್ಬದ ಹಿಂದೆ ಲೀಗೇ ಇಡಿಸುತ್ತದೆ. ಬರಿಗೈಗೆ ಹಚ್ಚಿಕೊಳ್ಳಬಹುದು. ಚೆಂಡಿಗೆ, ಗ್ಲೋವ್‌ಗೆ, ಉಡುಪಿಗೆ ಹಚ್ಚುವಂತಿಲ್ಲ. ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ, ಪ್ರಕರಣ ನಿಂತಿರುವುದೇ ಇದರ ಮೇಲೆ. ಒಣ ಪುಡಿಗೆ ಬೆವರು ಸೇರಿದಾಗ ಅಂಟಾಗುತ್ತದೆ, ಜಾಸ್ತಿ ಸೇರಿದಷ್ಟೂ ಗೋಂದಿನ ಹಾಗೆ ಆಗುತ್ತದೆ. ಪಿಚರ್ ಚೆಂಡು ಹಿಡಿದ ಕೈಯನ್ನು ಎಸೆತಕ್ಕೂ ಮುಂಚೆ ಗ್ಲೋವ್ ಒಳಗೇ ಇಟ್ಟುಕೊಂಡು ನಿಲ್ಲುತ್ತಾನೆ. ಹಾಗಾಗಿ ಕೈಯ ಅಂಟು ಗ್ಲೋವ್‌ಗೆ ತಾಗದೆ ಇರುವುದು ಕಷ್ಟ.

ಕಣ್ಣು ಮುಚ್ಚಿಕೊಂಡ ವರ್ಷಗಳು

ಉಗುಳು ಹೋಯಿತು, ಆದರೆ ಅಭ್ಯಾಸ ಹೋಗಲಿಲ್ಲ. ಗೇಲಾರ್ಡ್ ಪೆರಿ ವೃತ್ತಿಜೀವನದ ಉದ್ದಕ್ಕೂ ಚೆಂಡಿಗೆ ಏನೋ ಹಚ್ಚುತ್ತಾರೆ ಅಂತ ಹೆಸರಾಗಿದ್ದವರು. ಆ ಕಾರಣಕ್ಕೆ ಮೈದಾನದಿಂದ ಹೊರಹೋಗಿದ್ದು 1982ರ ಆಗಸ್ಟ್‌ನಲ್ಲಿ, ತಮ್ಮ ಇಪ್ಪತ್ತೊಂದನೇ ಸೀಸನ್‌ನಲ್ಲಿ.

2014ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಪಿಚರ್ ಮೈಕೆಲ್ ಪಿನೆಡಾ ಕೈಗೆ ಪೈನ್ ಟಾರ್ ಅನ್ನುವ ಕಂದು ಬಣ್ಣದ ಅಂಟು ಮೆತ್ತಿದ್ದು ಟಿವಿಯಲ್ಲಿ ಎಲ್ಲರಿಗೂ ಕಂಡಿತು. ಎದುರಾಳಿ ಬಾಸ್ಟನ್ ತಂಡ ಆ ದಿನ ದೂರನ್ನೇ ಕೊಡಲಿಲ್ಲ. ಎರಡು ವಾರ ಕಳೆಯುವುದರೊಳಗೆ ಅದೇ ಬಾಸ್ಟನ್ ವಿರುದ್ಧ ಅವರು ಕುತ್ತಿಗೆಗೇ ಹಚ್ಚಿಕೊಂಡು ಬಂದರು. ಆಗ ಬಾಸ್ಟನ್ ಮ್ಯಾನೇಜರ್ (ತಂಡದ ತರಬೇತುದಾರ) ಜಾನ್ ಫ್ಯಾರೆಲ್ ದೂರು ಕೊಡಲೇಬೇಕಾಯಿತು. ಪಿನೆಡಾಗೆ ಹತ್ತು ಪಂದ್ಯ ಅಮಾನತಾಯಿತು. ದೂರು ಕೊಟ್ಟವರ ಪಿಚರ್‌ಗಳೂ ಏನಾದರೂ ಹಚ್ಚುತ್ತಿರಬಹುದು ಅನ್ನುವ ಅಳುಕು ಎಲ್ಲ ತಂಡಗಳಿಗೂ ಇತ್ತು. ಹಾಗಾಗಿ ಎಲ್ಲರೂ ಸುಮ್ಮನಿದ್ದರು. ನಿಯಮ ಪುಸ್ತಕದಲ್ಲಿತ್ತು, ಮೈದಾನದಲ್ಲಿ ಇರಲಿಲ್ಲ.

ಆಮೇಲೆ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು, ಪ್ರತಿ ಎಸೆತದ ಸುತ್ತನ್ನೂ ಅಳೆಯುವ ಉಪಕರಣಗಳು 2015ರಿಂದ ಎಲ್ಲ ಮೈದಾನಗಳಲ್ಲೂ ಕೆಲಸ ಶುರು ಮಾಡಿದವು. ಯಾವ ಅಂಟಿನಿಂದ ಎಷ್ಟು ಸುತ್ತು ಸಿಗುತ್ತದೆ ಅಂತ ಲೆಕ್ಕ ಹಾಕಿ ನೋಡುವುದು ಸುಲಭವಾಯಿತು. ಎರಡು, ಸನ್‌ಸ್ಕ್ರೀನ್‌ಗೆ ರೋಸಿನ್ ಬೆರೆಸುತ್ತಿದ್ದ ಕಾಲ ಹೋಗಿ, ಭಾರದ ಕಲ್ಲು ಎತ್ತುವ ಸ್ಪರ್ಧಿಗಳಿಗೆಂದು ತಯಾರಾದ ಸ್ಪೈಡರ್ ಟ್ಯಾಕ್‌ನಂಥ ಅಂಟುಗಳು ಬಂದವು. 2021ರ ಸೀಸನ್‌ನ ಮೊದಲ ತಿಂಗಳುಗಳಲ್ಲಿ ಬ್ಯಾಟಿಂಗ್ ಸರಾಸರಿ (ಬ್ಯಾಟಿಂಗ್‌ಗೆ ಬಂದಾಗ ಹಿಟ್ ಸಿಗುವ ಪ್ರಮಾಣ) 1968ರ ಕುಖ್ಯಾತ .237ರ ಮಟ್ಟಕ್ಕೆ ಕುಸಿಯಿತು. ಆಗ ಲೀಗ್ ಎಚ್ಚೆತ್ತುಕೊಂಡಿತು. ಜೂನ್ 15ರಂದು ಸುತ್ತೋಲೆ ಹೊರಟಿತು, ಜೂನ್ 21ರಿಂದ ಜಾರಿ. ಅಲ್ಲಿಂದ ಮುಂದೆ ಪಂದ್ಯದ ನಡುವೆ ಅಂಪೈರ್‌ಗಳೇ ಪಿಚರ್‌ಗಳನ್ನು ತಪಾಸಣೆ ಮಾಡಬೇಕು. ಸಿಕ್ಕಿಬಿದ್ದರೆ ಪಂದ್ಯದಿಂದ ಹೊರಗೆ, ಜೊತೆಗೆ ಹತ್ತು ಪಂದ್ಯ ಅಮಾನತು. ಆ ಹತ್ತು ಪಂದ್ಯ ತಂಡ ಒಬ್ಬ ಆಟಗಾರ ಕಡಿಮೆಯಾಗಿಯೇ ಆಡಬೇಕು, ಬದಲಿ ಸಿಗುವುದಿಲ್ಲ.

ಸೀಸನ್ ಅರ್ಧಕ್ಕೆ ಬಂದಾಗ ಹೀಗೆ ಮಾಡಿದ್ದು ಸರಿಯಲ್ಲ ಅಂತ ಹಲವರು ಆಗಲೇ ಹೇಳಿದರು. ಟ್ಯಾಂಪಾ ಬೇ ತಂಡದ ಟೈಲರ್ ಗ್ಲಾಸ್‌ನೌ ಮೊಣಕೈ ಗಾಯಕ್ಕೆ, ದಿಢೀರನೆ ಹಿಡಿತ ಬದಲಿಸಬೇಕಾಗಿ ಬಂದಿದ್ದೇ ಕಾರಣ ಅಂದರು. ಹೊಸ ನಿಯಮದ ಎರಡನೇ ದಿನವೇ ಶೆರ್ಜರ್ ಕೂಡ ಸುದ್ದಿಯಾದರು. ಆಗ ಅವರು ವಾಷಿಂಗ್ಟನ್ ತಂಡದಲ್ಲಿದ್ದರು. ಫಿಲಡೆಲ್ಫಿಯಾ ಮ್ಯಾನೇಜರ್ ಜೋ ಜಿರಾರ್ಡಿ ಒತ್ತಾಯಕ್ಕೆ ಅವರನ್ನು ಒಂದೇ ಪಂದ್ಯದಲ್ಲಿ ಮೂರನೇ ಸಲ ತಪಾಸಣೆ ಮಾಡಿದರು. ಶೆರ್ಜರ್ ಟೋಪಿ, ಗ್ಲೋವ್ ನೆಲಕ್ಕೆ ಎಸೆದು ಬೆಲ್ಟ್ ಬಿಚ್ಚಿ ನಿಂತರು. ಏನೂ ಸಿಗಲಿಲ್ಲ. ಕೊನೆಗೆ ಜಗಳಕ್ಕಿಳಿದ ಜಿರಾರ್ಡಿಯನ್ನೇ ಹೊರಹಾಕಿದರು.

2022ರಲ್ಲಿ ತಪಾಸಣೆಯ ರೀತಿ ಬದಲಾಯಿತು. ಟೋಪಿ, ಬೆಲ್ಟ್ ನೋಡುವ ಬದಲು ಅಂಪೈರ್ ತನ್ನ ಹೆಬ್ಬೆರಳಿನಿಂದ ಪಿಚರ್ ಅಂಗೈ ಉಜ್ಜಿ ನೋಡಬೇಕು. 2023ಕ್ಕೆ ತಪಾಸಣೆ ಇನ್ನೂ ಬಿಗಿ ಮಾಡಿದರು. ರೋಸಿನ್ ಬಗ್ಗೆ ಲೀಗಿನ ನಿಲುವೂ ಸ್ಪಷ್ಟವಿತ್ತು. ರೋಸಿನ್ ಅತಿಯಾದರೆ, ಅಥವಾ ಗ್ಲೋವ್, ಉಡುಪಿಗೆ ಹಚ್ಚಿದರೆ, ಅದನ್ನೂ ನಿಷಿದ್ಧ ವಸ್ತು ಅಂತ ಅಂಪೈರ್ ತೀರ್ಮಾನಿಸಬಹುದು. ಅತಿ ಅಂದರೆ ಎಷ್ಟು? ಅದಕ್ಕೆ ಅಳತೆ ಕೊಡಲಿಲ್ಲ.

ಆ ಮಧ್ಯಾಹ್ನ ನಡೆದಿದ್ದು

ಎರಡನೇ ಇನ್ನಿಂಗ್ಸ್ ಮುಗಿದಾಗ ಕುಜಿ ಮೊದಲ ಸಲ ತಕರಾರು ತೆಗೆದರು. ಕೈ ತುಂಬಾ ಅಂಟುತ್ತಿದೆ, ತೊಳೆದುಕೊಂಡು ಬನ್ನಿ ಅಂದರು. ಶೆರ್ಜರ್ ಹೋಗಿ, ಲೀಗಿನ ಅಧಿಕಾರಿಯ ಎದುರೇ ಆಲ್ಕೋಹಾಲ್ ಹಾಕಿ ಕೈ ತೊಳೆದೆ ಅನ್ನುತ್ತಾರೆ. ಆಮೇಲೆ ಗ್ಲೋವ್ ಬಗ್ಗೆ ತಕರಾರು ಬಂತು. ಅದರಲ್ಲೂ ಅಂಟಿದೆ, ಬದಲಿಸಿ ಅಂದರು. ಅದನ್ನೂ ಬದಲಿಸಿದರು. ನಾಲ್ಕನೇ ಇನ್ನಿಂಗ್ಸ್‌ಗೆ ಬರುವಾಗ ಮತ್ತೆ ತಪಾಸಣೆ ಮಾಡುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಡ್ಡದಾರಿಯ ವಸ್ತು ಹಚ್ಚಿಕೊಂಡು ಬರಬೇಕಾದರೆ ನಾನು ಶುದ್ಧ ಮೂರ್ಖನಾಗಿರಬೇಕು ಅಂತ ಪಂದ್ಯದ ನಂತರ ಪತ್ರಕರ್ತರ ಮುಂದೆ ವಾದಿಸಿದರು. ಮಕ್ಕಳ ಮೇಲೆ ಆಣೆ ಮಾಡಿ ಅಂಪೈರ್‌ಗಳಿಗೆ ಹೇಳಿದ್ದಾಗಿಯೂ ತಿಳಿಸಿದರು.

ಆ ಪಂದ್ಯದ ಅಂಪೈರ್ ತಂಡದ ಮುಖ್ಯಸ್ಥ ಡ್ಯಾನ್ ಬೆಲಿನೊ ಕೂಡ ಪಂದ್ಯದ ನಂತರ ತಮ್ಮ ಕಡೆಯ ಮಾತು ಹೇಳಿದರು. ಮೂರು ಸೀಸನ್‌ಗಳಿಂದ ಕೈಗಳನ್ನು ಪರೀಕ್ಷಿಸುತ್ತಿದ್ದೇನೆ, ಇಷ್ಟು ಅಂಟಿದ್ದ ಕೈ ಇನ್ನೊಂದು ನೋಡಿಲ್ಲ, ಮುಟ್ಟಿದಾಗ ನಮ್ಮ ಬೆರಳುಗಳು ಅವರ ಕೈಗೆ ಅಂಟಿಕೊಳ್ಳುತ್ತಿದ್ದವು ಅನ್ನುವುದು ಅವರ ಮಾತಿನ ಸಾರ.

ಈ ಎರಡೂ ಮಾತು ನಿಜ ಇರಬಹುದು ಅನ್ನುವುದೇ ಇಲ್ಲಿನ ತೊಡಕು. ತೊಳೆದ ಕೈಗೆ ಹೊಸದಾಗಿ ರೋಸಿನ್ ಮೆತ್ತಿ, ಬಿಸಿಲಿಗೆ ಬೆವರು ಸೇರಿದರೆ ಕೈ ಭಯಂಕರ ಅಂಟಾಗುವುದು ಸಾಧ್ಯ. ಹಾಗಾದರೆ ಶೆರ್ಜರ್ ಹೇಳಿದ್ದು ಸರಿ, ಅವರ ಕೈಯಲ್ಲಿ ಕಾನೂನು ಒಪ್ಪುವ ವಸ್ತುವೇ ಇತ್ತು. ಬೆಲಿನೊ ಹೇಳಿದ್ದೂ ಸರಿ, ಅದು ಮಿತಿ ಮೀರಿತ್ತು. ನಿಯಮದ ಪ್ರಕಾರ ಏನು ಹಚ್ಚಿದ್ದರು ಅಂತ ಅಂಪೈರ್ ಸಾಬೀತು ಮಾಡಬೇಕಿಲ್ಲ. ಜಾಸ್ತಿ ಅಂಟು ಅನ್ನಿಸಿದರೆ ಸಾಕು.

ಕುಜಿ ಬಗ್ಗೆಯೂ ಮಾತು ಬಂತು. 2021ರ ಜೂನ್‌ನಲ್ಲಿ ಸಿಯಾಟಲ್‌ನ ಹೆಕ್ಟರ್ ಸ್ಯಾಂಟಿಯಾಗೊ, ಆಗಸ್ಟ್‌ನಲ್ಲಿ ಅರಿಜೋನಾದ ಕೇಲಬ್ ಸ್ಮಿತ್, ಈಗ ಶೆರ್ಜರ್. ಬಿಗಿ ತಪಾಸಣೆ ಶುರುವಾದ ಮೇಲೆ ಹೊರಹೋದ ಮೊದಲ ಮೂವರ ಪ್ರಕರಣಗಳಲ್ಲೂ ಕುಜಿ ಇದ್ದರು. ಸ್ಯಾಂಟಿಯಾಗೊ ಕೂಡ ಬೆವರು ಮತ್ತು ರೋಸಿನ್ ಅಂತಲೇ ಹೇಳಿದ್ದರು. ಇದನ್ನು ಹಿಡಿದು ಕುಜಿಗೆ ಯಾರ ಮೇಲೋ ದ್ವೇಷ ಇತ್ತು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನಿಯಮವನ್ನು ಬರೆದ ಹಾಗೆ ಜಾರಿ ಮಾಡಿದ ಮನುಷ್ಯ ಅವರು. ನನ್ನ ಚಿಂತೆ ಬೇರೆ. ಇಷ್ಟೊಂದು ಅಂಪೈರ್‌ಗಳು ದಿನಾ ಇಷ್ಟೊಂದು ಕೈಗಳನ್ನು ಮುಟ್ಟುವಾಗ ಮೂರೂ ಸಲ ಒಬ್ಬರೇ ಸಿಗುತ್ತಾರೆ ಅಂದರೆ, ಒಬ್ಬೊಬ್ಬರ ಹೆಬ್ಬೆರಳು ಒಂದೊಂದು ಥರ ಅಳೆಯುತ್ತಿದೆ ಅಂತಲೇ ಅರ್ಥ, ಅಲ್ವಾ?

ನಾಲ್ಕು ದಿನ ಮುಂಚೆ, ನ್ಯೂಯಾರ್ಕ್‌ನಲ್ಲಿ

ಇದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. ಏಪ್ರಿಲ್ 15ರಂದು ಯಾಂಕೀ ಸ್ಟೇಡಿಯಂನಲ್ಲಿ ಯಾಂಕೀಸ್ ಪಿಚರ್ ಡೊಮಿಂಗೊ ಹರ್ಮಾನ್ ಮಿನಿಸೋಟ ಟ್ವಿನ್ಸ್ ವಿರುದ್ಧ ಎಸೆಯುತ್ತಿದ್ದರು. ಅಂಪೈರ್ ಜೇಮ್ಸ್ ಹೋಯ್ ತಂಡ ಅವರ ಕೈ ನೋಡಿ ರೋಸಿನ್ ಅಂಟಿದೆ, ತೊಳೆದುಕೊಳ್ಳಿ ಅಂತ ಹೇಳಿತು. ಮತ್ತೆ ಬಂದಾಗಲೂ ಸ್ವಲ್ಪ ಉಳಿದಿತ್ತು. ಆದರೂ ಆಡಲು ಬಿಟ್ಟರು, ಎಸೆತದ ಮೇಲೆ ಪರಿಣಾಮ ಆಗುವಷ್ಟು ಇಲ್ಲ ಅನ್ನುವುದು ಹೋಯ್ ಅಭಿಪ್ರಾಯ. ಅದನ್ನು ಪ್ರಶ್ನಿಸಿದ ಟ್ವಿನ್ಸ್ ಮ್ಯಾನೇಜರ್ ರಾಕೊ ಬಾಲ್ಡೆಲಿಯನ್ನೇ ಮೈದಾನದಿಂದ ಕಳಿಸಿದರು.

ಒಂದೇ ವಾರ, ಒಂದೇ ನಿಯಮ, ಒಂದೇ ರೋಸಿನ್ ವಾದ. ಇಬ್ಬರಿಗೂ ಕೈ ತೊಳೆಯಲು ಹೇಳಿದ್ದರು. ಒಬ್ಬರು ಹನ್ನೊಂದು ಸ್ಟ್ರೈಕ್‌ಔಟ್ ಪಡೆದು ಮನೆಗೆ ಹೋದರು, ಇನ್ನೊಬ್ಬರು ಹತ್ತು ಪಂದ್ಯ ಹೊರಗೆ ಕೂತರು.

ಒಂದು ತಿಂಗಳ ನಂತರ, ಮೇ 16ರಂದು ಟೊರಾಂಟೊದಲ್ಲಿ, ಅದೇ ಹೋಯ್ ಅದೇ ಹರ್ಮಾನ್‌ರನ್ನು ಹೊರಹಾಕಿದರು. ನಾನು ಮುಟ್ಟಿದ ಕೈಗಳಲ್ಲೇ ಅತ್ಯಂತ ಅಂಟಿನ ಕೈ ಅಂತ ಹೋಯ್ ಹೇಳಿದರು. ಬೆಲಿನೊ ಮಾತನ್ನು ಮತ್ತೊಮ್ಮೆ ಓದಿ. ಇಬ್ಬರದೂ ಒಂದೇ ಮಾತು. ಇಬ್ಬರೂ ಹೋಲಿಸುತ್ತಿರುವುದು ತಮ್ಮ ತಮ್ಮ ನೆನಪಿನ ಜೊತೆಗೆ. ಬೆಲಿನೊ ಮುಟ್ಟಿದ ಕೈಯನ್ನು ಹೋಯ್ ಮುಟ್ಟಿಲ್ಲ, ಹೋಯ್ ಮುಟ್ಟಿದ್ದನ್ನು ಬೆಲಿನೊ ಮುಟ್ಟಿಲ್ಲ. ಅಂದ ಹಾಗೆ, ಅಮಾನತು ಮುಗಿಸಿ ಬಂದ ಹರ್ಮಾನ್ ಜೂನ್ 28ರಂದು ಓಕ್‌ಲ್ಯಾಂಡ್‌ನಲ್ಲಿ ಪರ್ಫೆಕ್ಟ್ ಗೇಮ್ ಎಸೆದರು, 27 ಬ್ಯಾಟರ್‌ಗಳಲ್ಲಿ ಒಬ್ಬರೂ ಮೊದಲ ಬೇಸ್ ಮುಟ್ಟಲಿಲ್ಲ. ಬೇಸ್‌ಬಾಲ್ ಇತಿಹಾಸದಲ್ಲಿ ತೀರಾ ಅಪರೂಪದ ಸಾಧನೆ ಅದು.

ಚೆಂಡನ್ನು ನೋಡುವುದು, ಕೈಯನ್ನು ನೋಡುವುದು

ಕರ್ನಾಟಕದ ಓದುಗರಿಗೆ ಇಲ್ಲಿ ರಾಹುಲ್ ದ್ರಾವಿಡ್ ನೆನಪಾಗದೆ ಇರಲಾರರು. 2004ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಜಿಂಬಾಬ್ವೆ ವಿರುದ್ಧದ ಏಕದಿನ ಪಂದ್ಯ. ಬಾಯಲ್ಲಿದ್ದ ಗಂಟಲು ಮಾತ್ರೆಯ ಅಂಟು ಚೆಂಡಿಗೆ ತಾಗಿದ್ದು ಟಿವಿ ಕ್ಯಾಮೆರಾದಲ್ಲಿ ಸಿಕ್ಕಿತು. ರೆಫ್ರಿ ಕ್ಲೈವ್ ಲಾಯ್ಡ್ ಪಂದ್ಯ ಶುಲ್ಕದ ಅರ್ಧದಷ್ಟು ದಂಡ ಹಾಕಿದರು. ದ್ರಾವಿಡ್ ಮೋಸಗಾರ ಅಂತ ಅವರನ್ನು ಬಲ್ಲವರು ಯಾರೂ ನಂಬಲಿಲ್ಲ. ಆದರೂ ಕೃತ್ಯ ಕ್ಯಾಮೆರಾದಲ್ಲಿತ್ತು, ಹಾಗಾಗಿ ಶಿಕ್ಷೆಗೆ ಆಧಾರ ಇತ್ತು.

ಕ್ರಿಕೆಟ್‌ಗೆ ಒಂದು ಅನುಕೂಲ ಇದೆ. ಒಂದೇ ಚೆಂಡು ಗಂಟೆಗಟ್ಟಲೆ ಬಳಕೆಯಲ್ಲಿರುತ್ತದೆ, ಅಂಪೈರ್ ಅದನ್ನೇ ಕೈಗೆ ತೆಗೆದುಕೊಂಡು ನೋಡಬಹುದು. ಬೇಸ್‌ಬಾಲ್‌ನಲ್ಲಿ ಚೆಂಡಿಗೆ ಸ್ವಲ್ಪ ಮಣ್ಣಾದರೂ ಬದಲಿಸುತ್ತಾರೆ, ಒಂದು ಪಂದ್ಯಕ್ಕೆ ಡಜನ್‌ಗಟ್ಟಲೆ ಚೆಂಡು ಹೋಗುತ್ತವೆ. ಸಾಕ್ಷಿ ಕೈಗೆ ಸಿಗುವ ಮುಂಚೆಯೇ ಪ್ರೇಕ್ಷಕರ ನಡುವೆ ಯಾರದೋ ಮಗುವಿನ ಕೈ ಸೇರಿರುತ್ತದೆ. ಉಳಿಯುವುದು ಪಿಚರ್ ಕೈ ಒಂದೇ. ಹಾಗಾಗಿ ಕೈ ಪರೀಕ್ಷೆ ಅನಿವಾರ್ಯ ಅನ್ನುವುದನ್ನು ಒಪ್ಪುತ್ತೇನೆ.

ಕ್ರಿಕೆಟ್ ಮಾಡಿದ ಇನ್ನೊಂದು ಕೆಲಸ ನನಗೆ ಮಾದರಿ ಅನ್ನಿಸುತ್ತದೆ. 2020ರ ಮೇ ತಿಂಗಳಲ್ಲಿ, ಕೋವಿಡ್ ಸಮಯದಲ್ಲಿ, ನಮ್ಮ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಸಮಿತಿ ಚೆಂಡಿಗೆ ಎಂಜಲು ಹಚ್ಚುವುದು ಬೇಡ, ಬೆವರು ಹಚ್ಚಬಹುದು ಅಂತ ಶಿಫಾರಸು ಮಾಡಿತು. 2022ರಲ್ಲಿ ಅದು ಕಾಯಂ ಆಯಿತು. ಎಂಜಲು ಕೂಡದು, ಬೆವರು ಆಗಬಹುದು, ಎರಡರ ನಡುವೆ ಗೆರೆ ಇದೆ. ಎಷ್ಟು ಬೆವರು ಅಂತ ಅಂಪೈರ್ ತೂಗಬೇಕಿಲ್ಲ. ಬೇಸ್‌ಬಾಲ್ ರೋಸಿನ್ ವಿಷಯದಲ್ಲಿ ಆ ಗೆರೆಯನ್ನು ವಸ್ತುವಿನ ಒಳಗೇ ಎಳೆದಿದೆ. ಇಷ್ಟರವರೆಗೆ ಸರಿ, ಆಮೇಲೆ ತಪ್ಪು. ಆ ಇಷ್ಟು ಎಲ್ಲಿದೆ ಅನ್ನುವುದನ್ನು ಮಾತ್ರ ಬರೆದಿಲ್ಲ.

ಮೇಲ್ಮನವಿ ಯಾಕೆ ಕೈಬಿಟ್ಟರು

ಶೆರ್ಜರ್ ಮೊದಲು ಮೇಲ್ಮನವಿ ಸಲ್ಲಿಸುವ ಯೋಚನೆಯಲ್ಲಿದ್ದರು. ತಟಸ್ಥ ಮಧ್ಯಸ್ಥರ ಮುಂದೆ ವಾದ ಮಂಡಿಸಬಹುದು ಅಂದುಕೊಂಡಿದ್ದರಂತೆ. ಆದರೆ ಇಂಥ ಶಿಕ್ಷೆಯ ಮೇಲ್ಮನವಿ ಕೇಳುವುದು ಲೀಗಿನವರೇ. ಶಿಕ್ಷೆ ಕೊಟ್ಟ ಮನೆಗೇ ದೂರು ಒಯ್ಯಬೇಕು. ಗೆಲ್ಲುವ ಸಾಧ್ಯತೆ ಇಲ್ಲ ಅಂತ ಅನ್ನಿಸಿ ಕೈಬಿಟ್ಟರು, ಶಿಕ್ಷೆ ಒಪ್ಪಿಕೊಂಡರು. 2021ರಲ್ಲಿ ಸ್ಯಾಂಟಿಯಾಗೊ ಮೇಲ್ಮನವಿ ಹಾಕಿ ಸೋತ ಉದಾಹರಣೆ ಕಣ್ಣ ಮುಂದೆಯೇ ಇತ್ತು. ಶೆರ್ಜರ್ ಏಜೆಂಟ್ ಸ್ಕಾಟ್ ಬೋರಾಸ್, ಆಟಗಾರನ ಪ್ರಾಮಾಣಿಕತೆಯನ್ನು ಪ್ರಶ್ನಿಸುವುದಾದರೆ ವೈಜ್ಞಾನಿಕವಾಗಿ ಅಳೆಯಬಲ್ಲ ಮಾನದಂಡ ಇರಬೇಕು ಅಂತ ಕೇಳಿದರು. ಏಜೆಂಟ್ ತನ್ನ ಆಟಗಾರನ ಪರ ಮಾತಾಡುವುದು ಸಹಜವೇ. ಆದರೂ ಆ ಬೇಡಿಕೆ ನ್ಯಾಯವಾದದ್ದು.

ನನ್ನ ಅಭಿಪ್ರಾಯವನ್ನೂ ನೇರವಾಗಿ ಹೇಳುತ್ತೇನೆ. ಆ ದಿನ ಶೆರ್ಜರ್‌ರನ್ನು ಪಂದ್ಯದಿಂದ ಹೊರಹಾಕಿದ್ದು ತಪ್ಪಲ್ಲ. ಎರಡು ಸಲ ಎಚ್ಚರಿಸಿದ್ದರು. ಮೂರನೇ ಸಲವೂ ಕೈ ಅಂಟುತ್ತಿದ್ದರೆ ಅಂಪೈರ್ ಇನ್ನೇನು ಮಾಡಬೇಕು? ಎದುರಿಗೆ ನಿಂತ ಬ್ಯಾಟರ್‌ಗೂ ನ್ಯಾಯ ಬೇಕಲ್ಲ. ಅಷ್ಟು ಅನುಭವಿ ಆಟಗಾರ ರೋಸಿನ್ ಚೀಲವನ್ನು ಸ್ವಲ್ಪ ಕಡಿಮೆ ಮುಟ್ಟಬಹುದಿತ್ತು. ಆದರೆ ಹೊರಹಾಕುವುದು ಬೇರೆ, ಅದರ ಹಿಂದೆಯೇ ತಾನಾಗಿ ಬರುವ ಹತ್ತು ಪಂದ್ಯಗಳ ಅಮಾನತು ಬೇರೆ. ಸ್ಪೈಡರ್ ಟ್ಯಾಕ್ ಬಚ್ಚಿಟ್ಟುಕೊಂಡು ಬಂದವನಿಗೂ, ಲೀಗೇ ಇಟ್ಟ ಚೀಲವನ್ನು ಅತಿಯಾಗಿ ಬಳಸಿದವನಿಗೂ ಒಂದೇ ಶಿಕ್ಷೆ ಅಂದರೆ ಅದು ನ್ಯಾಯ ಅನ್ನಿಸುವುದಿಲ್ಲ. ಜೊತೆಗೆ ಮೋಸಗಾರ ಅನ್ನುವ ಹಣೆಪಟ್ಟಿ ಬೇರೆ. ದುಡ್ಡಿನ ದಂಡಕ್ಕಿಂತ ಶೆರ್ಜರ್‌ಗೆ ನೋವಾಗಿದ್ದು ಅದೇ ಅಂತ ಅವರ ಮಾತುಗಳಲ್ಲೇ ಕಾಣುತ್ತಿತ್ತು.

ಪರಿಹಾರ ಇಲ್ಲದ ಸಮಸ್ಯೆ ಇದಲ್ಲ. ಜಪಾನ್ ಲೀಗಿನ ಚೆಂಡಿಗೆ ಮೊದಲೇ ಸ್ವಲ್ಪ ಹಿಡಿತ ಇರುತ್ತದೆ, ಅಲ್ಲಿನ ಪಿಚರ್‌ಗಳು ಅಮೆರಿಕಕ್ಕೆ ಬಂದಾಗ ಚೆಂಡು ಜಾರುತ್ತದೆ ಅನ್ನುವುದೇ ಮೊದಲ ದೂರು. ಅಮೆರಿಕದಲ್ಲೂ 2023ರಲ್ಲಿ ಕೆಳಹಂತದ ಸದರ್ನ್ ಲೀಗ್‌ನಲ್ಲಿ ಮೊದಲೇ ಅಂಟು ಲೇಪಿಸಿದ ಚೆಂಡನ್ನು ಪ್ರಯೋಗಿಸಿದರು. ಎಲ್ಲರಿಗೂ ಒಪ್ಪಿಗೆಯಾಗುವ ಚೆಂಡು ಮಾಡುವುದು ಸುಲಭ ಅಲ್ಲ, ಸಮಯ ಬೇಕು. ಆದರೆ ಕೈ ಒರೆಸಿದ ಬಟ್ಟೆಯನ್ನು ಮುಚ್ಚಿದ ಚೀಲದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುವುದಕ್ಕೆ ಸಮಯ ಬೇಕಿಲ್ಲ. ಅಂಪೈರ್ ಅಂದೇ ಹೊರಹಾಕಲಿ, ಅಮಾನತನ್ನು ಮಾತ್ರ ವರದಿ ಬಂದ ಮೇಲೆ ತೀರ್ಮಾನಿಸಲಿ. ರೋಸಿನ್ ಮಾತ್ರ ಸಿಕ್ಕರೆ ಒಂದು ಶಿಕ್ಷೆ, ಬೇರೆ ವಸ್ತು ಸಿಕ್ಕರೆ ಇನ್ನೊಂದು. ಮೇಲ್ಮನವಿಯನ್ನು ಲೀಗಿಗೂ ಆಟಗಾರರ ಸಂಘಕ್ಕೂ ಸೇರದ ಒಬ್ಬರು ಕೇಳಲಿ.

2024ರ ಜೂನ್ 23ರಂದು ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಮೆಟ್ಸ್ ತಂಡದ್ದೇ ಎಡ್ವಿನ್ ಡಿಯಾಸ್ ಒಂದು ಎಸೆತವನ್ನೂ ಎಸೆಯುವ ಮೊದಲೇ ಹೊರಹೋದರು. ರೋಸಿನ್, ಬೆವರು, ಮಣ್ಣು ಅಂತ ಅವರು ಹೇಳಿದರು. ಖಂಡಿತ ಅದಲ್ಲ ಅಂತ ಅಂಪೈರ್‌ಗಳು ಹೇಳಿದರು. ಅವರಿಗೂ ಹತ್ತು ಪಂದ್ಯ, ತಂಡಕ್ಕೆ ಆ ಹತ್ತು ಪಂದ್ಯ ಒಬ್ಬ ಪಿಚರ್ ಕಡಿಮೆ.